ಕ್ರಾಥಿಸ್ ಕೋಟೆಮನೆಯಲ್ಲಿ ಒಂದು ದಿನ

ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳಿದವಳು ನಾನು. ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಮತ್ತು ಜೇಡನ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದು ಮುಖ ಸಣ್ಣದು ಮಾಡಿಕೊಂಡ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರೆ ಸಾಕು, ಸೋತ ರಾಜ, ಕತ್ತಲೆಯ ಗುಹೆ, ಬಿದ್ದು ಬಿದ್ದು ಕೊನೆಗೂ ಬಲೆ ಹೆಣೆದ ಜೇಡ ಎಲ್ಲವೂ ನನ್ನ ಬಾಯಿಂದ ತಾವಾಗಿಯೇ ಹೊರಡುತ್ತಿದ್ದವು. ಬ್ರೂಸ್ ಯಾವ ಊರಿನವನು, ಆ ಊರು ಹೇಗಿದೆ ಎಂದು ನಾನೂ ಯೋಚಿಸಿರಲಿಲ್ಲ, ಮಕ್ಕಳೂ ಕೇಳಲಿಲ್ಲ. ನಿವೃತ್ತಿಯಾದ ಮೇಲೆ, 2023ರ ಜೂನ್ ತಿಂಗಳಲ್ಲಿ, ಅದೇ ಬ್ರೂಸ್ ಕೊಟ್ಟನೆನ್ನುವ ವಸ್ತುವೊಂದರ ಕೆಳಗೆ ಕತ್ತೆತ್ತಿ ನಿಲ್ಲುವ ಯೋಗ ನನಗೆ ಬಂತು.

ಮಗಳು ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಅಂತರ್ಜಲಕ್ಕೆ ಸಂಬಂಧಿಸಿದ ಒಂದು ವರ್ಷದ ಸ್ನಾತಕೋತ್ತರ ಕೋರ್ಸು ಓದುತ್ತಿದ್ದಳು. ಮನೆಯ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದು ಕಳಿಸಿದ್ದೆವು. ಹೊರಡುವ ದಿನ ತಿಪಟೂರಿನ ಮನೆಯಲ್ಲಿ ಸೇರಿದ್ದ ನೆಂಟರೆಲ್ಲ, 'ಇನ್ನೇನು, ಅಲ್ಲೇ ಸೆಟಲ್ ಆಗಿಬಿಡ್ತಾಳೆ' ಎಂದಿದ್ದರು. ನಾವೂ ಹೌದೆಂದು ತಲೆಯಾಡಿಸಿದ್ದೆವು. ಎರಡು ವಾರದ ಮಟ್ಟಿಗೆ ಅವಳ ಜೊತೆ ಇದ್ದು ಬರೋಣವೆಂದು ನಾನೊಬ್ಬಳೇ ಹೊರಟೆ. ಇಬ್ಬರ ಟಿಕೆಟ್ಟಿಗೆ ಹಣ ಸಾಲದು, ಮೇಲಾಗಿ ನಮ್ಮವರಿಗೆ ತೋಟ ಬಿಟ್ಟು ಬರುವುದು ಆಗದ ಮಾತು.

ಅಬರ್ಡೀನ್ ಬೂದುಬಣ್ಣದ ಕಲ್ಲಿನ ಊರು. ಮನೆ, ಚರ್ಚು, ಅಂಗಡಿ, ಕಾಲೇಜು ಎಲ್ಲವೂ ಅಲ್ಲಿಯದೇ ಗ್ರಾನೈಟು. ಮಳೆ ನಿಂತು ಬಿಸಿಲು ಬಿದ್ದಾಗ ಗೋಡೆಗಳಲ್ಲಿ ಅಭ್ರಕದ ಚೂರು ಮಿನುಗುತ್ತದೆ; ಮೋಡವಿದ್ದಾಗ ಮಾತ್ರ ಇಡೀ ಊರೇ ಯಾವುದೋ ಸೂತಕದಲ್ಲಿರುವಂತೆ ಕಾಣುತ್ತದೆ. ಎರಡನೆಯ ಶನಿವಾರ ಮಗಳು, 'ಅಮ್ಮಾ, ನಿಂಗೆ ಒಂದು ಕ್ಯಾಸಲ್ ತೋರಿಸ್ತೀನಿ ಬಾ' ಎಂದಳು. ಹಿಂದಿನ ರಾತ್ರಿಯೇ ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿದೆ. ಪರದೇಶದಲ್ಲಿ ಒಂದು ಊಟಕ್ಕೆ ಕೊಡುವ ಹಣವನ್ನು ನೂರರಿಂದ ಗುಣಿಸಿ ನೋಡುವ ಚಟ ನನ್ನನ್ನು ಇನ್ನೂ ಬಿಟ್ಟಿರಲಿಲ್ಲ.

ಅಬರ್ಡೀನಿನಿಂದ ಪಶ್ಚಿಮಕ್ಕೆ, ಡೀ ನದಿಯ ಜೊತೆಜೊತೆಗೇ ಬ್ಯಾಂಕರಿ ಎಂಬ ಊರಿಗೆ ಹೋಗುವ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಕ್ರಾಥಿಸ್. ದೂರ ಸುಮಾರು ಹದಿನೈದು ಮೈಲಿ. ಅಲ್ಲಿಯ ಜನ ಇನ್ನೂ ಮೈಲಿಯಲ್ಲೇ ಲೆಕ್ಕ ಹೇಳುತ್ತಾರೆ. ಬಸ್ಸು ರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಮರಗಳ ನಡುವೆ ನಡೆಯಬೇಕು. ಮಂಡಿ ನೋವಿರುವವರು ನಿಧಾನವಾಗಿ ಹೋಗುವುದು ಒಳ್ಳೆಯದು. ಮುಂದೆ ಮೆಟ್ಟಿಲುಗಳೂ ಬಹಳವಿವೆ.

ಮರಗಳು ಸರಿದು ಕಟ್ಟಡ ಕಂಡಾಗ ನನಗೆ ಮೊದಲು ಸ್ವಲ್ಪ ನಿರಾಸೆಯೇ ಆಯಿತೆನ್ನಿ. ಚಿತ್ರದುರ್ಗ, ಮಧುಗಿರಿ ಕಂಡ ಕಣ್ಣಿಗೆ ಕೋಟೆಯೆಂದರೆ ಬೆಟ್ಟವನ್ನು ಸುತ್ತುವ ಗೋಡೆ, ಬುರುಜು, ಬತೇರಿ. ಇಲ್ಲಿ ಇದ್ದದ್ದು ಒಂದೇ ಒಂದು ಎತ್ತರದ ಮನೆ. ಕೆಳಗೆ ಬೋಳುಗೋಡೆ, ಕಿಂಡಿಯಂಥ ಕಿಟಕಿ. ಮೇಲೆ ಹೋದಂತೆ ಮಾತ್ರ ಯಾರೋ ಮನಸ್ಸು ಬದಲಾಯಿಸಿದಂತೆ ಮೂಲೆಮೂಲೆಗೂ ಗೋಪುರ, ಕಲ್ಲಿನ ಚಾಚು, ಚೂಪು ಮಾಡು. ಇದನ್ನು ಅರಮನೆ ಎನ್ನಲಾಗದು, ಕೋಟೆ ಎಂದರೂ ಸರಿಹೋಗದು. ಕೋಟೆಮನೆ ಎನ್ನೋಣ. ಅಕ್ಕಪಕ್ಕದ ಪಾಳೆಯಗಾರರ ಭಯವಿದ್ದ ಕಾಲದಲ್ಲಿ ಸ್ಕಾಟ್ಲೆಂಡಿನ ಜಮೀನುದಾರರು ಕೋಣೆಯ ಮೇಲೆ ಕೋಣೆ ಪೇರಿಸಿ ಹೀಗೇ ಕಟ್ಟಿಕೊಳ್ಳುತ್ತಿದ್ದರು. ಬಾಗಿಲೊಂದೇ. ಅದರ ಹಿಂದೆ ದಪ್ಪ ಕಬ್ಬಿಣದ ಸರಳುಗಳನ್ನು ಒಂದರೊಳಗೊಂದು ನೇಯ್ದ ಇನ್ನೊಂದು ಬಾಗಿಲು. ಶತ್ರು ಮರದ ಬಾಗಿಲಿಗೆ ಬೆಂಕಿ ಇಟ್ಟರೂ ಇದು ಸುಡುವುದಿಲ್ಲ.

ಕಟ್ಟಲು ಶುರು ಮಾಡಿದ್ದು 1553ರಲ್ಲಿ, ಮುಗಿದದ್ದು 1596ರಲ್ಲಿ. ನಲವತ್ತಮೂರು ವರ್ಷ! ನಮ್ಮೂರ ಬಸ್ ನಿಲ್ದಾಣದ ಕಾಮಗಾರಿಯನ್ನು ಬೈಯುವವರು ಇದನ್ನು ಗಮನಿಸಬೇಕು. ಮಧ್ಯೆ ರಾಣಿ ಮೇರಿಯ ಕಾಲದ ರಾಜಕೀಯ ಗೊಂದಲಗಳು ಬಂದು ಕೆಲಸ ನಿಂತು ನಿಂತು ನಡೆಯಿತಂತೆ. ಕಟ್ಟಿದವರು ಬರ್ನೆಟ್ ಮನೆತನದವರು. ಅದಕ್ಕೂ ಮೊದಲು ಅವರಿದ್ದದ್ದು ಹತ್ತಿರದ ಲೀಸ್ ಎಂಬ ಸರೋವರದ ನಡುವೆ, ಕೈಯಿಂದ ಮಾಡಿದ ದ್ವೀಪವೊಂದರ ಮೇಲೆ. ಆ ಸರೋವರ ಈಗ ಬತ್ತಿದೆ.

ಒಳಗೆ ಕೋಣೆಗೊಬ್ಬರಂತೆ ವಯಸ್ಸಾದ ಸ್ವಯಂಸೇವಕರು ನಿಂತು ವಿವರ ಹೇಳುತ್ತಾರೆ. ನನಗೆ ಸಿಕ್ಕ ಅಜ್ಜಿ 'ಫಿಟ್ ಲೈಕ್?' ಎಂದು ಕೇಳಿದರು. ನನ್ನ ಆರೋಗ್ಯ ಗಟ್ಟಿಯಾಗಿದೆಯೇ ಎಂದು ಕೇಳುತ್ತಿದ್ದಾರೇನೋ ಎಂದುಕೊಂಡು ಮಂಡಿ ನೋವಿನ ವಿಷಯ ಹೇಳಿದೆ. ಮಗಳು ನಗು ತಡೆದುಕೊಂಡು, ಅದು ಆ ಸೀಮೆಯ ಮಾತಿನಲ್ಲಿ 'ಹೇಗಿದ್ದೀರಿ?' ಎಂದು ಬಿಡಿಸಿ ಹೇಳಿದಳು. ಹಾಗೆ ನೋಡಿದರೆ ನನ್ನ ಉತ್ತರವೇನೂ ತಪ್ಪಾಗಿರಲಿಲ್ಲ. ಅಜ್ಜಿಗೂ ಮಂಡಿ ನೋವಿತ್ತು. ಅಲ್ಲಿಂದ ನಾವಿಬ್ಬರೂ ಸ್ನೇಹಿತರಾದೆವು.

ದೊಡ್ಡ ಹಜಾರದಲ್ಲಿ ಅಗ್ಗಿಷ್ಟಿಕೆಯ ಮೇಲ್ಗಡೆ ಒಂದು ಕೊಂಬು ತೂಗುತ್ತದೆ. ಹರಳು ಕೂರಿಸಿದ ಪಟ್ಟಿಗಳಿರುವ ದಂತದ ಕೊಂಬು. 1323ರಲ್ಲಿ ರಾಬರ್ಟ್ ಬ್ರೂಸ್ ಈ ಮನೆತನದ ಮೂಲಪುರುಷನಿಗೆ ಲೀಸ್ ಎಂಬ ಜಮೀನನ್ನು ಕೊಟ್ಟಾಗ, ರಾಜನ ಅರಣ್ಯವನ್ನು ಕಾಯುವ ಅಧಿಕಾರದ ಗುರುತಾಗಿ ಇದನ್ನೂ ಕೊಟ್ಟನೆಂದು ಮನೆತನದ ನಂಬಿಕೆ. ಬ್ಯಾನಕ್‌ಬರ್ನ್ ಯುದ್ಧದಲ್ಲಿ ಇಂಗ್ಲಿಷರನ್ನು ಸೋಲಿಸಿ ಆಗಲೇ ಒಂಬತ್ತು ವರ್ಷವಾಗಿತ್ತು. ಗುಹೆ, ಜೇಡ ಎಲ್ಲ ಹಳೆಯ ಮಾತು. ಆನೆಯೇ ಇಲ್ಲದ ನಾಡಿನಲ್ಲಿ ಆನೆಯ ದಂತ ಏಳುನೂರು ವರ್ಷ ಒಂದೇ ವಂಶದ ಬಳಿ ಉಳಿದು ಬಂದಿದೆ! ನಾನು ಅಜ್ಜಿಯನ್ನು ಜೇಡನ ವಿಷಯ ಕೇಳಿದೆ. ಅವರು ನಕ್ಕು, 'ನಿಮಗೂ ಅದನ್ನೇ ಹೇಳಿಕೊಟ್ಟರೇ?' ಎಂದರು. ಆ ಕಥೆ ಮನೆಮಾತಾದದ್ದು ಬ್ರೂಸ್ ಸತ್ತು ಐದು ಶತಮಾನ ಕಳೆದ ಮೇಲೆ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ತನ್ನ ಮೊಮ್ಮಗನಿಗೆಂದು ಬರೆದ ಇತಿಹಾಸದ ಪುಸ್ತಕದಿಂದ. ಮೂವತ್ತು ವರ್ಷ ಇತಿಹಾಸವೆಂದು ಹೇಳಿದ್ದು ಅಜ್ಜನೊಬ್ಬ ಹೇಳಿದ ಕಥೆಯಾಗಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ ಹುಡುಗರನ್ನು ನೆನೆದು ಸ್ವಲ್ಪ ಸಂಕೋಚವಾಯಿತು.

ಮೇಲೆ ಹೋಗುವ ಸುತ್ತುಮೆಟ್ಟಿಲಿನಲ್ಲಿ ಒಂದು ಮೋಸವಿದೆ. ಒಂದು ಮೆಟ್ಟಿಲನ್ನು ಬೇಕೆಂದೇ ಬೇರೆ ಎತ್ತರಕ್ಕೆ ಕಟ್ಟಿದ್ದಾರೆ. ರಾತ್ರಿ ಹೊತ್ತು ಕತ್ತಿ ಹಿಡಿದು ನುಗ್ಗಿದ ಪರಕೀಯ ಲಯ ತಪ್ಪಿ ಮುಗ್ಗರಿಸಬೇಕು. ಮನೆಯವರಿಗೆ ಮಾತ್ರ ಅದು ಕಾಲಿಗೇ ಗೊತ್ತು. ಸೀರೆಯ ನೆರಿಗೆ ಎತ್ತಿ ಹಿಡಿದು, ಅಜ್ಜಿ ಮುಂಚೆಯೇ ಎಚ್ಚರಿಸಿದ್ದರೂ ಸರಿಯಾಗಿ ಆ ಮೆಟ್ಟಿಲಲ್ಲೇ ನಾನು ಎಡವಿದೆ. ಹಿಂದಿದ್ದ ಮಗಳು ಸೊಂಟಕ್ಕೆ ಕೈಕೊಟ್ಟಳು. ಹಾಗೆ ಕೈಕೊಡುವಷ್ಟು ದೊಡ್ಡವಳಾಗಿದ್ದಾಳೆ ಎಂಬುದು ನನಗೆ ಹೊಳೆದದ್ದು ಅಲ್ಲೇ.

ಮೇಲಿನ ಕೋಣೆಗಳ ತೊಲೆ, ಹಲಗೆಗಳ ಮೇಲೆಲ್ಲ ಚಿತ್ರಗಳು. 1600ರ ಆಸುಪಾಸಿನವು. ಒಂದು ಕೋಣೆಯಲ್ಲಿ ಲೋಕದ ಒಂಬತ್ತು ವೀರರು: ಹೆಕ್ಟರ್, ಅಲೆಕ್ಸಾಂಡರ್, ಸೀಸರ್, ಡೇವಿಡ್, ಆರ್ಥರ್, ಶಾರ್ಲಮೇನ್ ಮೊದಲಾದವರು. ಎಲ್ಲರಿಗೂ ಸ್ಕಾಟ್ಲೆಂಡಿನ ಚಳಿಗೆ ಸರಿಹೋಗುವ ದಪ್ಪ ಗಡ್ಡ. ಇನ್ನೊಂದರಲ್ಲಿ ಗ್ರೀಕರ ಒಂಬತ್ತು ಕಲಾದೇವಿಯರು. ಯಾವುದೋ ಕಾಲದಲ್ಲಿ ಇವು ಹಳೆಯ ರುಚಿಯೆನಿಸಿ ಮೇಲೆ ಗಾರೆ ಬಳಿದು ಮುಚ್ಚಿಬಿಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾರೆ ಕಿತ್ತಾಗ ಮತ್ತೆ ಹೊರಬಂದವು. ಮುಚ್ಚಿದ್ದೇ ಬಣ್ಣಗಳನ್ನು ಕಾಪಾಡಿತು.

ಹಸಿರು ಹೆಂಗಸಿನ ಕೋಣೆ ಎಂಬುದೊಂದಿದೆ. ಹಸಿರು ಉಡುಪಿನ ಹೆಣ್ಣೊಬ್ಬಳು ಮಗುವನ್ನೆತ್ತಿಕೊಂಡು ಒಲೆಯ ಹತ್ತಿರ ಓಡಾಡುತ್ತಾಳಂತೆ. ಒಲೆಯ ಕಲ್ಲಿನ ಕೆಳಗೆ ಎಳೆಯ ಮಗುವಿನ ಎಲುಬುಗಳು ಸಿಕ್ಕಿದ್ದವಂತೆ. ಪ್ರವಾಸಿ ಮಕ್ಕಳಿಗೆಲ್ಲ ಬೇಕಾದದ್ದು ಇದೇ. ನನಗೆ ಅಲ್ಲಿ ಬಹಳ ಹೊತ್ತು ನಿಲ್ಲಬೇಕೆನಿಸಲಿಲ್ಲ. ದೆವ್ವವಿದ್ದರೂ ಇಲ್ಲದಿದ್ದರೂ ಮಗುವಿನ ದುಃಖ ನಿಜವಾಗಿದ್ದಿರಬೇಕು.

ಇಳಿಯುವಾಗ ಅಜ್ಜಿ ಮನೆತನದ ಲಾಂಛನ ತೋರಿಸಿದರು. ಚಾಕು ಹಿಡಿದ ಒಂದು ಕೈ ದ್ರಾಕ್ಷಿಬಳ್ಳಿಯನ್ನು ಸವರುತ್ತಿದೆ. ಅದರ ಲ್ಯಾಟಿನ್ ಬರಹದ ಅರ್ಥ, ಗಾಯದಿಂದಲೇ ಸತ್ವ ಚಿಗುರುತ್ತದೆ ಎಂದು. ಮಗಳು ಅದನ್ನು ನೋಡುತ್ತ, 'ಇದನ್ನ ಬರೆದೋರು ಬಳ್ಳಿಯನ್ನ ಕೇಳಿದ್ರೋ ಇಲ್ವೋ' ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ ಎಂಬುದನ್ನು ಆಗ ಗಮನಿಸಿದರೂ ಯಾಕೆಂದು ಕೇಳಲಿಲ್ಲ.

ಇನ್ನು ತೋಟ. ಕಟ್ಟಡಕ್ಕೆ ಒಂದು ಗಂಟೆ ಕೊಟ್ಟರೆ ತೋಟಕ್ಕೆ ಎರಡು ಗಂಟೆಯನ್ನಾದರೂ ಕೊಡಬೇಕು ಎಂಬುದು ನನ್ನ ಅನುಭವ. ಸುತ್ತ ಕಲ್ಲಿನ ಗೋಡೆ, ಒಳಗೆ ನಾಲ್ಕು ಎಕರೆಗೆ ಸ್ವಲ್ಪ ಕಡಿಮೆ ಜಾಗ. ಅದನ್ನು ಎಂಟು ಭಾಗ ಮಾಡಿ ಒಂದೊಂದಕ್ಕೂ ಬೇರೆ ಬೇರೆ ಗುಣ ಕೊಟ್ಟಿದ್ದಾರೆ. ಒಂದು ಬಿಳಿ ಹೂವಿಗೆ, ಒಂದು ಹೊಂಬಣ್ಣಕ್ಕೆ, ಕೊಳವಿರುವ ಒಂದು ಅಂಗಳ ಹಳದಿ, ಕೆಂಪು, ತಾಮ್ರದ ಬಣ್ಣದ ಗಿಡಗಳಿಗೆ. ಜೂನ್ ತಿಂಗಳಿಗೆಂದೇ ಒಂದು ಹೂಸಾಲಿದೆ. ನಾವು ಹೋದಾಗ ಅದು ತುಂಬಿ ಚೆಲ್ಲುತ್ತಿತ್ತು. ಐರಿಸ್, ಪಾಪಿ, ಗೊನೆಗೊನೆಯಾಗಿ ನಿಂತ ಲೂಪಿನ್. ಭೂಮಧ್ಯರೇಖೆಯಿಂದ 57 ಡಿಗ್ರಿ ಉತ್ತರದಲ್ಲಿ ಇಷ್ಟು ಬಣ್ಣ ಹೇಗೆ ಸಾಧ್ಯ ಎಂದು ಬೆರಗಾಗುತ್ತದೆ. ಬೇಸಿಗೆ ಗಿಡ್ಡ, ಆದರೆ ಒಂದೊಂದು ಹಗಲೂ ಹದಿನೇಳು ಹದಿನೆಂಟು ಗಂಟೆ. ಗಿಡಗಳು ಇರುವಷ್ಟು ಹೊತ್ತಿನಲ್ಲಿ ಬದುಕಿ ಮುಗಿಸುವ ಆತುರದಲ್ಲಿರುತ್ತವೆ.

ಎಲ್ಲಕ್ಕಿಂತ ಹಳೆಯದು ಯೂ ಮರದ ಬೇಲಿಗಳು. 1702ರಲ್ಲಿ ನೆಟ್ಟವು. ಕತ್ತರಿಸಿ ಕತ್ತರಿಸಿ, ಮನೆಯ ಗೋಡೆಗಿಂತ ದಪ್ಪ, ಆಳೆತ್ತರವನ್ನೂ ಮೀರಿ, ಮೊಟ್ಟೆ, ಗುಮ್ಮಟ, ಗೋಪುರದ ಆಕಾರಗಳಲ್ಲಿ ಕೂತಿವೆ. ನಮ್ಮ ಲಾಲ್‌ಬಾಗಿನಲ್ಲಿ ಗಿಡವನ್ನು ಆನೆ, ನವಿಲಿನ ಆಕಾರಕ್ಕೆ ಕತ್ತರಿಸುವುದನ್ನು ಮಕ್ಕಳು ನೋಡಿರುತ್ತಾರೆ; ಅದೇ ವಿದ್ಯೆ, ಮುನ್ನೂರಿಪ್ಪತ್ತು ವರ್ಷದ ಹಟ ಬೇರೆ. ಈ ಮರದ ಎಲೆ, ಬೀಜ ವಿಷ. ದನ, ಕುದುರೆ ತಿಂದರೆ ಸಾಯುತ್ತವೆ. ಅದೇ ಜಾತಿಯ ಮರದ ಎಲೆಯಿಂದ ತೆಗೆದ ಸಾರದಿಂದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಔಷಧಗಳನ್ನು ತಯಾರಿಸುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರಬಹುದು. ನನ್ನ ತಂಗಿಗೆ ಕೊಟ್ಟ ಮದ್ದಿನ ಹೆಸರು ಇಂಥ ಒಂದು ಬೇಲಿಯ ಪಕ್ಕದಲ್ಲಿ ನೆನಪಾದೀತೆಂದು ನಾನು ಎಣಿಸಿರಲಿಲ್ಲ. ಆ ಕಡು ಹಸಿರನ್ನು ಒಮ್ಮೆ ಮುಟ್ಟಿ ನೋಡಿದೆ.

ಬಣ್ಣಗಳ ಈ ಜೋಡಣೆ ಮಾತ್ರ ಇಪ್ಪತ್ತನೆಯ ಶತಮಾನದ್ದು. ಸರ್ ಜೇಮ್ಸ್ ಬರ್ನೆಟ್, ಅವರ ಪತ್ನಿ ಲೇಡಿ ಸಿಬಿಲ್ ಇಬ್ಬರೂ ಸೇರಿ ಮಾಡಿದ್ದು. ಗಂಡನಿಗೆ ಅಪರೂಪದ ಮರಗಿಡಗಳನ್ನು ತಂದು ಬೆಳೆಸುವ ಹುಚ್ಚು, ಹೆಂಡತಿಗೆ ಯಾವ ಬಣ್ಣದ ಪಕ್ಕ ಯಾವುದು ಎಂಬ ಯೋಚನೆ. ಅವರಿಗಿಂತ ಮೊದಲೇ ಗರ್ಟ್ರೂಡ್ ಜೀಕಿಲ್ ಎಂಬ ಹೆಸರಾಂತ ತೋಟಗಾರ್ತಿ ಈ ತೋಟವನ್ನು ಮೆಚ್ಚಿ 1904ರ ತಮ್ಮ ಪುಸ್ತಕದಲ್ಲಿ ಬರೆದಿದ್ದರು. ಪುಸ್ತಕದ ಹೆಸರು ಮಾತ್ರ 'ಸಮ್ ಇಂಗ್ಲಿಷ್ ಗಾರ್ಡನ್ಸ್'! ಇದಕ್ಕೆ ಸ್ಕಾಟ್ಲೆಂಡಿನವರು ಏನೆಂದರೋ. 1950ರ ದಶಕದ ಆರಂಭದಲ್ಲಿ ಸರ್ ಜೇಮ್ಸ್ ಮನೆ, ತೋಟ ಎರಡನ್ನೂ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. 1966ರಲ್ಲಿ ಬೆಂಕಿ ಬಿದ್ದು ಪಕ್ಕದ ಭಾಗ ಸುಟ್ಟಿತು. ಹಳೆಯ ಗೋಪುರ ಉಳಿಯಿತು. ಈಗ ಟಿಕೆಟ್ಟಿನ ಹಣ, ಸದಸ್ಯರ ಚಂದಾ, ಅಜ್ಜಿಯಂಥವರ ಬಿಟ್ಟಿ ದುಡಿಮೆ ಇವುಗಳ ಮೇಲೆ ನಡೆಯುತ್ತಿದೆ. ವಿದ್ಯಾರ್ಥಿಗಳು ತಮ್ಮ ಗುರುತಿನ ಚೀಟಿ ಜೊತೆಯಲ್ಲಿಟ್ಟುಕೊಂಡು ರಿಯಾಯಿತಿ ಇದೆಯೇ ಎಂದು ಕೇಳಲು ನಾಚಬಾರದು. ಒಳಗಿನ ಕೋಣೆಗಳು ತೆರೆದಿರುವ ದಿನಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ, ವಿಚಾರಿಸಿಕೊಂಡೇ ಹೋಗಬೇಕು.

ಬೆಂಚಿನ ಮೇಲೆ ಕೂತು ಪುಳಿಯೋಗರೆ ತಿಂದೆವು. ಆಮೇಲೆ ಮಗಳು, 'ಇನ್ನೊಂದು ಜಾಗ ಇದೆ. ಅಲ್ಲಿ ನೋಡೋಕೆ ಏನೂ ಇಲ್ಲ. ಆದ್ರೂ ಬಾ' ಎಂದಳು.

ನಿಜ, ನೋಡಲು ಏನೂ ಇರಲಿಲ್ಲ. ಅದೇ ಎಸ್ಟೇಟಿಗೆ ಸೇರಿದ, ಡೀ ನದಿಯ ಉತ್ತರಕ್ಕಿರುವ ಒಂದು ಹೊಲ. ವಾರನ್ ಫೀಲ್ಡ್ ಎಂದು ಹೆಸರು. ಬೇಲಿಯ ಈಚೆ ನಿಂತು ಮಗಳು ಹೇಳತೊಡಗಿದಳು. 1976ರಲ್ಲಿ ವಿಮಾನದಿಂದ ತೆಗೆದ ಚಿತ್ರದಲ್ಲಿ ಬೆಳೆಯ ನಡುವೆ ಸಾಲಾಗಿ ಗುರುತುಗಳು ಕಂಡಿದ್ದವು. 2004ರಿಂದ 2006ರವರೆಗೆ ಅಗೆದು ನೋಡಿದರೆ, ಸುಮಾರು ಐವತ್ತು ಮೀಟರಿನ ಕಮಾನಿನಂಥ ಸಾಲಿನಲ್ಲಿ ಹನ್ನೆರಡು ಗುಂಡಿಗಳು. ಹತ್ತು ಸಾವಿರ ವರ್ಷದಷ್ಟು ಹಳೆಯವು. ಬೇಸಾಯ ಇನ್ನೂ ಬಂದಿರದ, ಬೇಟೆ ಮತ್ತು ಮೀನಿನ ಮೇಲೆ ಬದುಕುತ್ತಿದ್ದ ಜನ ತೋಡಿದ್ದು. 2013ರಲ್ಲಿ ವಿದ್ವಾಂಸರ ತಂಡವೊಂದು ಇದನ್ನು ಚಾಂದ್ರಮಾಸಗಳ ಪಂಚಾಂಗವೆಂದು ಹೇಳಿತು. ಹನ್ನೆರಡು ತಿಂಗಳಿಗೆ ಹನ್ನೆರಡು ಗುಂಡಿ. ನಡುವಿನವು ದೊಡ್ಡವು, ಅಂಚಿನವು ಸಣ್ಣವು, ಚಂದ್ರ ಬೆಳೆದು ಕುಗ್ಗುವಂತೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ ಎಂಬುದನ್ನೂ ಹೇಳಬೇಕು. ಒಪ್ಪುವುದಾದರೆ ಮೆಸೊಪೊಟೇಮಿಯದ ಪಂಚಾಂಗಗಳಿಗಿಂತ ಇದು ಐದು ಸಾವಿರ ವರ್ಷ ಹಿಂದಿನದು.

'ಆದ್ರೆ ಚಂದ್ರನ ಲೆಕ್ಕ ವರ್ಷಕ್ಕೆ ಹನ್ನೊಂದು ದಿನ ಕಮ್ಮಿ ಬೀಳುತ್ತಲ್ಲ?' ಎಂದೆ ನಾನು. ಮನೆಯಲ್ಲಿ ಪಂಚಾಂಗ ನೋಡುವವಳು ನಾನೇ. ಮುಂದಿನ ತಿಂಗಳು, ಜುಲೈ 18ಕ್ಕೆ, ಅಧಿಕ ಶ್ರಾವಣ ಶುರುವಾಗುವುದಿತ್ತು.

'ಅದಕ್ಕೇ ಇಲ್ಲಿಂದ ನೋಡಿದ್ದು' ಎಂದು ಅವಳು ಆಗ್ನೇಯಕ್ಕೆ ಕೈ ತೋರಿಸಿದಳು. ದೂರದ ಗುಡ್ಡಗಳ ನಡುವೆ ಒಂದು ತಗ್ಗು. ಡಿಸೆಂಬರಿನಲ್ಲಿ, ವರ್ಷದ ಅತಿ ಚಿಕ್ಕ ಹಗಲಿನಂದು, ಸೂರ್ಯ ಹುಟ್ಟುವುದು ಆ ತಗ್ಗಿನಲ್ಲಿ. ಅಲ್ಲಿ ಹುಟ್ಟಿದ ದಿನವನ್ನು ಗುರುತು ಮಾಡಿಕೊಂಡರೆ ತಪ್ಪಿದ ಲೆಕ್ಕವನ್ನು ಮತ್ತೆ ಸರಿಮಾಡಿಕೊಳ್ಳಬಹುದು. ನಾವು ಅಧಿಕಮಾಸ ಸೇರಿಸಿ ಮಾಡುವ ಕೆಲಸವನ್ನು ಅಕ್ಷರವೇ ಇಲ್ಲದ ಜನ ಗುಂಡಿ ತೋಡಿ, ಗುಡ್ಡ ನೋಡಿ ಮಾಡಿದ್ದರು. ಆ ಹೊಲದ ಮುಂದೆ ನನಗೆ ರೋಮಾಂಚನವಾಯಿತು. ಕೊಂಬಿನ ಕೆಳಗೆ ಆಗಿರಲಿಲ್ಲ.

'ನೀನು ಇದನ್ನೆಲ್ಲ ಎಲ್ಲಿ ಓದ್ದೆ?'

'ಲೈಬ್ರರಿಯಲ್ಲಿ. ಆಮೇಲೆ ಡಿಸೆಂಬರ್ ಇಪ್ಪತ್ತೆರಡಕ್ಕೆ ಇಲ್ಲಿಗೆ ಬಂದಿದ್ದೆ. ಎಂಟೂವರೆಗೆ ಇಲ್ಲೇ ನಿಂತಿದ್ದೆ.'

ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಮುಳುಗುವುದು ಮಧ್ಯಾಹ್ನ ಮೂರೂವರೆಗೆ. ಕ್ಲಾಸು ಮುಗಿಸಿ ಹೊರಬಂದರೆ ರಾತ್ರಿ. ರಜೆಯಲ್ಲಿ ಹಾಸ್ಟೆಲಿನವರೆಲ್ಲ ಊರಿಗೆ ಹೋಗಿದ್ದರು. ಅವಳ ಜೊತೆಗೆ ಉಳಿದದ್ದು ನೈಜೀರಿಯಾದ ಒಬ್ಬ ಹುಡುಗಿ ಮಾತ್ರ. ಎರಡು ವಾರ ಸರಿಯಾಗಿ ನಿದ್ದೆಯಿಲ್ಲ, ಪುಸ್ತಕ ತೆರೆದರೆ ಅಕ್ಷರ ಹತ್ತುತ್ತಿರಲಿಲ್ಲ, ವಾಪಸ್ ಬರುವ ಟಿಕೆಟ್ಟಿನ ದರವನ್ನು ದಿನವೂ ನೋಡುತ್ತಿದ್ದಳಂತೆ. ಇದರ ಮೇಲೆ ಹಗಲು ಬೆಳೆಯುತ್ತದೆ ಎಂದು ಓದಿ, ಅದನ್ನು ಕಣ್ಣಾರೆ ನೋಡಲೆಂದು ಆ ಹುಡುಗಿಯನ್ನೂ ಎಬ್ಬಿಸಿಕೊಂಡು ಬಂದಿದ್ದಳು.

'ಕಾಣಿಸ್ತಾ?'

'ಇಲ್ಲ. ಮೋಡ ಇತ್ತು.'

ಆ ದಿನ ನನಗೆ ನೆನಪಿತ್ತು. ಫೋನು ಮಾಡಿದಾಗ ಲೈಬ್ರರಿಯಲ್ಲಿದ್ದೇನೆ ಎಂದಿದ್ದಳು. ಹಿಂದೆ ಗಾಳಿಯ ಸದ್ದು ಕೇಳಿಸಿತ್ತು. ನಾನು ಪಕ್ಕದಲ್ಲಿ ಕೂತಿದ್ದ ನಾದಿನಿಗೆ, 'ರಜದಲ್ಲೂ ಲೈಬ್ರರಿ ಬಿಡಲ್ಲ ನೋಡಿ' ಎಂದು ಹೆಮ್ಮೆಯಿಂದ ಹೇಳಿದ್ದೆ.

ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದವಳು ಸುಮ್ಮನಾದೆ. ಹೇಳಿದ್ದರೆ ನಾನು ಏನು ಹೇಳುತ್ತಿದ್ದೆ ಎಂಬುದು ನನಗೇ ಗೊತ್ತಿತ್ತು. ಜೇಡನ ಕಥೆ ಹೇಳುತ್ತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮಾತಾಡಿದಳು. ಆ ದಿನಗಳು ಕಳೆದವು, ಪರೀಕ್ಷೆಗಳೆಲ್ಲ ಪಾಸಾಗಿವೆ, ಪ್ರಬಂಧ ಮುಗಿಸುತ್ತಾಳೆ. ಆದರೆ ಆಮೇಲೆ ಅಲ್ಲಿ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಅಂತರ್ಜಲದ ಕೆಲಸ ಮಾಡುವ ಒಂದು ಸಂಸ್ಥೆಯವರು ಕರೆದಿದ್ದಾರೆ. ಸಂಬಳ ಕಮ್ಮಿ. ಸಾಲ ತೀರಲು ಅಲ್ಲಿದ್ದರೆ ಮೂರು ವರ್ಷ, ಇಲ್ಲಿ ಬಂದರೆ ಎಂಟು ವರ್ಷ. ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೇ ಬಂದಿದ್ದಳು. 'ಸೋತು ಬರ್ತಿಲ್ಲ ಅಮ್ಮಾ. ನಮ್ಮ ಕಡೆ ಸಾವಿರ ಅಡಿ ಕೊರೆದು ನೀರು ಸಿಗದೆ ಬಿಟ್ಟ ಬೋರ್‌ವೆಲ್ ಎಷ್ಟಿದಾವೆ, ಅಪ್ಪನದೇ ಮೂರು. ನಾನು ಕಲ್ತಿದ್ದು ಅದನ್ನೇ' ಎಂದಳು.

ನನಗೆ ಮೊದಲು ಕಂಡದ್ದು, ನಾಚಿಕೆಯಿಂದಲೇ ಬರೆಯುತ್ತೇನೆ, ನೆಂಟರ ಮುಖಗಳು. ಆಮೇಲೆ ಬ್ಯಾಂಕಿನ ಮ್ಯಾನೇಜರದು. ಹಾಳೆಯನ್ನು ಎರಡು ಸಲ ಓದಿದೆ. ಕೂಡಿಸಿದ್ದರಲ್ಲಿ ಒಂದು ಕಡೆ ತಪ್ಪಿತ್ತು, ತಿದ್ದಿದೆ. ಎಂಟು ವರ್ಷ ಏಳೂವರೆಗೆ ಇಳಿಯಿತು.

ಬಸ್ಸಿಗೆಂದು ರಸ್ತೆಗೆ ಬಂದಾಗ ಐದು ಗಂಟೆ. ಬಿಸಿಲು ನಮ್ಮ ಮಧ್ಯಾಹ್ನದ ಎರಡು ಗಂಟೆಯ ಹಾಗಿತ್ತು. ಸೂರ್ಯ ಮುಳುಗಲು ಇನ್ನೂ ಐದು ಗಂಟೆ ಇತ್ತು. ಊರಿನಲ್ಲಿ ರಾತ್ರಿ ಒಂಬತ್ತೂವರೆ, ನಮ್ಮವರು ಊಟ ಮುಗಿಸಿ ವಾರ್ತೆ ನೋಡುವ ಹೊತ್ತು.

'ಅಪ್ಪಂಗೆ ಯಾರು ಹೇಳೋದು?' ಎಂದಳು.

'ನೀನೇ ಹೇಳು. ನಾನು ಪಕ್ಕದಲ್ಲೇ ಇರ್ತೀನಿ' ಎಂದೆ.

ಅವಳು ಫೋನು ತೆಗೆದಳು. ಎರಡು ಸಲ ರಿಂಗಾಗುವಷ್ಟರಲ್ಲಿ ಬಸ್ಸು ಬಂತು. ಕೈಯಾಡಿಸಿ ಅದನ್ನು ಮುಂದಕ್ಕೆ ಹೋಗಲು ಹೇಳಿ, ಮುಂದಿನ ಬಸ್ಸಿಗೆ ಕಾಯೋಣವೆಂದು ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಕುಳಿತುಕೊಂಡೆವು.